ಡ್ರೈ ಗೇಜ್ ಸಾಕಾ, ಗ್ಲಿಸರಿನ್ ಗೇಜ್ ಬೇಕಾ?

ಒತ್ತಡ ಅಳೆಯುವ ಗೇಜ್‌ಗಳಲ್ಲಿ ಡ್ರೈ ಅಂದರೆ ಡಬ್ಬಿಯೊಳಗೆ ಬರೀ ಗಾಳಿ ಇರುವುದು, ಗ್ಲಿಸರಿನ್ ಅಂದರೆ ಡಬ್ಬಿಯೊಳಗೆ ಗ್ಲಿಸರಿನ್ ಎಂಬ ಮಂದ ದ್ರವ ತುಂಬಿರುವುದು. ಎರಡರ ಒಳಗೂ ಸಾಮಾನ್ಯವಾಗಿ ಇರುವುದು ಒಂದೇ: 1849ರಲ್ಲಿ ಫ್ರಾನ್ಸ್‌ನಲ್ಲಿ ಪೇಟೆಂಟ್ ಪಡೆದ ಬೋರ್ಡನ್ ಟ್ಯೂಬ್, ಅಂದರೆ ಬಾಗಿದ ಚಪ್ಪಟೆ ಕೊಳವೆ. ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ. ತುದಿಯ ಆ ಚೂರು ಅಲುಗಾಟವನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ.

ಕಂಪ್ರೆಸರ್ ಪಕ್ಕಕ್ಕೆ ಡ್ರೈ ಗೇಜ್ ಬೇಡ. ನಡುಕಕ್ಕೆ ಹಲ್ಲು ಸವೆಯುತ್ತದೆ, ಮುಳ್ಳು ಕುಣಿಯುತ್ತದೆ, ಓದುವುದಾದರೂ ಹೇಗೆ? ಗ್ಲಿಸರಿನ್ ಆ ನಡುಕವನ್ನು ನುಂಗುತ್ತದೆ. ಆದರೆ ಚಳಿ ಜಾಸ್ತಿಯಾದರೆ ಅದೇ ಗಟ್ಟಿಯಾಗಿ ಮುಳ್ಳನ್ನು ನಿಧಾನ ಮಾಡುತ್ತದೆ. ನಡುಕವಿಲ್ಲದ ಕಡೆ ಡ್ರೈ ಸಾಕು, ಅಗ್ಗ ಕೂಡ.

ಮಿತಿಮೀರಿದ ಒತ್ತಡದಿಂದ ಮಾತ್ರ ಗ್ಲಿಸರಿನ್ ಕಾಪಾಡುವುದಿಲ್ಲ. ಕೊಳವೆ ಹಳೆಯ ಆಕಾರಕ್ಕೆ ಮರಳದಿದ್ದರೆ ಮುಳ್ಳು ಸೊನ್ನೆಗೆ ಬರುವುದೇ ಇಲ್ಲ. ಅದಕ್ಕೇ, ಯಾವುದನ್ನು ಕೊಂಡರೂ ದಿನದ ಒತ್ತಡ ಡಯಲಿನ ನಡುಭಾಗದಲ್ಲಿ ನಿಲ್ಲುವಂಥದ್ದನ್ನು ಆರಿಸಿ.