ವಿಟ್ನಿ ಪ್ಲಾಂಟೇಷನ್: ಬಂಗಲೆ ನೋಡಲು ಹೋಗುವವರ ಜಾಗವಲ್ಲ

ಅಮೆರಿಕದ ಲೂಸಿಯಾನಾದಲ್ಲಿ ಮಿಸಿಸಿಪ್ಪಿ ನದಿಯ ಪಕ್ಕದಲ್ಲಿ ಸಾಗುವ ರಿವರ್ ರೋಡ್‌ನಲ್ಲಿ ಹಳೆಯ ತೋಟಗಳು ಹಲವಿವೆ. ಹೆಚ್ಚಿನವು ಜನರನ್ನು ಸೆಳೆಯುವುದು ಬಂಗಲೆ, ಓಕ್ ಮರಗಳ ಸಾಲು ತೋರಿಸಿ. ಫ್ರೆಂಚ್ ಆಳ್ವಿಕೆಯಲ್ಲಿ, 1752ರಲ್ಲಿ ಶುರುವಾದ ವಿಟ್ನಿ ಹಾಗಲ್ಲ. 2014ರಲ್ಲಿ ತೆರೆದ ಈ ಮ್ಯೂಸಿಯಂ ಪೂರ್ತಿಯಾಗಿ ಗುಲಾಮರ ಬದುಕಿನ ಕುರಿತದ್ದು. ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ.

ಮೊದಲು ಇಲ್ಲಿ ಬಣ್ಣಕ್ಕಾಗಿ ನೀಲಿ ಗಿಡ (ಇಂಡಿಗೋ) ಬೆಳೆಯುತ್ತಿದ್ದರು, ಆಮೇಲೆ ಕಬ್ಬು ಬಂತು. ಅಂಗಳದ ದೊಡ್ಡ ಕಬ್ಬಿಣದ ಕಡಾಯಿಗಳ ಮುಂದೆ ತುಸು ನಿಲ್ಲಿ. ಕಡಿದ ಕಬ್ಬು ಬೇಗ ಕೆಡುತ್ತದೆ, ಹೆಪ್ಪುಗಟ್ಟಿಸುವ ಚಳಿ ಬರುವ ಮೊದಲೇ ಕೊಯ್ಲು ಮುಗಿಯಬೇಕು. ಹಾಗಾಗಿ ಸುಗ್ಗಿಯಲ್ಲಿ ಹಗಲು ರಾತ್ರಿ ರಸ ಕುದಿಸುತ್ತಿದ್ದರು. ನಿದ್ದೆಗೆಟ್ಟ ಕೈ ಗಾಣಕ್ಕೆ ಸಿಕ್ಕುವುದು, ಕುದಿಪಾಕ ಮೈಮೇಲೆ ಬೀಳುವುದು ಆ ಕೆಲಸದ ನಿತ್ಯದ ಅಪಾಯಗಳು. ಸಕ್ಕರೆಯ ನಿಜವಾದ ಬೆಲೆ ತಿಳಿಯುವುದು ಬಂಗಲೆಯಲ್ಲಲ್ಲ, ಇಲ್ಲಿ. ಗುಲಾಮರ ಹೆಸರು ಕೆತ್ತಿದ ಗೋಡೆಗಳನ್ನೂ ಅವಸರದಲ್ಲಿ ದಾಟಬೇಡಿ.

ನ್ಯೂ ಓರ್ಲಿಯನ್ಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಸ್ವಂತ ವಾಹನವಿಲ್ಲದಿದ್ದರೆ ಟೂರ್ ಬಸ್ಸೇ ಗತಿ. ಆ್ಯಪ್ ಟ್ಯಾಕ್ಸಿ ನಂಬಿ ಹೋದರೆ ವಾಪಸಾಗುವಾಗ ಗಾಡಿ ಸಿಗುವುದು ಕಷ್ಟ. ನೋಡುವುದೆಲ್ಲ ಬಹುತೇಕ ಬಯಲಲ್ಲಿದೆ, ನೆರಳು ಕಡಿಮೆ. ಬೇಸಿಗೆಯಲ್ಲಾದರೆ ಬೆಳಗಿನ ಮೊದಲ ಟಿಕೆಟ್ ತೆಗೆದುಕೊಳ್ಳಿ. ಟೋಪಿ, ನೀರು, ಸೊಳ್ಳೆ ಔಷಧಿ ಬೇಕು. ಮಳೆ ಬಂದರೆ ದಾರಿ ಕೆಸರು. ಎರಡು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಹೊರಡುವ ಮುನ್ನ ವಾರದ ರಜೆ ಯಾವತ್ತೆಂದು ವೆಬ್‌ಸೈಟಿನಲ್ಲಿ ನೋಡಿ.

ಹತ್ತಿರದ ವ್ಯಾಶರಿ ಊರಿನಲ್ಲಿರುವ ಲಾರಾ ತೋಟವನ್ನು ಅದೇ ದಿನ ಸೇರಿಸಿಕೊಳ್ಳಬಹುದು. ಮೂರನೆಯದು ಬೇಡ.