ಮಗಳ ಬಾಣಂತನಕ್ಕೆ ಕೌದಿಯೋ, ಶೇಂಗಾ ಹೋಳಿಗೆಯೋ?

ತಂಗಿ ಮಗಳಿಗೆ ಮಗು ಹುಟ್ಟಿದಾಗ ನನಗೂ ಇದೇ ಗೊಂದಲ. ಅಂಗಡಿಯ ಉಡುಗೊರೆ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ.

ಕೌದಿ ಅಂದರೆ ಹಳೇ ಬಟ್ಟೆ ಹೊಲಿದು ಮಾಡುವ ಹೊದಿಕೆ. ಅದು ಕೇಳುವುದು ದುಡ್ಡಲ್ಲ, ದಿನ. ಹಳೇ ಹತ್ತಿ ಸೀರೆ, ಪಂಚೆ ಒಗೆದು, ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತಾ ಹೋಗಬೇಕು. ಮಗುವಿನ ಅಳತೆಯದಾದರೂ ದಿನಕ್ಕೆ ಒಂದೆರಡು ತಾಸು ಕೂತರೆ ನನಗೆ ಮೂರು ವಾರ ಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ಬಟ್ಟೆ ಹೊಲಿದು ‘ಫೂಲ’, ಅಂದರೆ ಹೂವು, ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದಂತಲ್ಲ. ಹೊಸ ಬಟ್ಟೆ ಬಳಸಬೇಡಿ. ಹತ್ತಾರು ಸಲ ಒಗೆದ ಸೀರೆಯ ಮೆದು ಅದಕ್ಕೆ ಬರುವುದಿಲ್ಲ. ನಾನು ಅಮ್ಮನ ಇಳಕಲ್ ಸೀರೆಯ ಕೆಂಪು ಸೆರಗನ್ನು ನಡುವೆ ಇಟ್ಟೆ. ಒಂದು ಕಡೆ ಹೊಲಿಗೆ ಸೊಟ್ಟಗಾಗಿದೆ, ಬಿಚ್ಚಲಿಲ್ಲ.

ಶೇಂಗಾ ಹೋಳಿಗೆ ಒಂದು ಮಧ್ಯಾಹ್ನದ ಕೆಲಸ. ಹುರಿದು ಸಿಪ್ಪೆ ತೆಗೆದ ಶೇಂಗಾ, ಬೆಲ್ಲ, ಎಳ್ಳು, ಏಲಕ್ಕಿ. ಬೇಳೆ ಹೋಳಿಗೆ ಎರಡು ದಿನಕ್ಕೇ ಹಳಸಿದರೆ, ಗರಿಗರಿಯಾಗಿ ಬೇಯಿಸಿದ ಇದು ಹತ್ತು ಹದಿನೈದು ದಿನ ತಡೆಯುತ್ತದೆ. ಪೂರ್ತಿ ಆರುವ ಮುಂಚೆ ಡಬ್ಬಿಗೆ ಹಾಕಿದಿರೋ, ಮೆತ್ತಗಾಯಿತು ಅಂತಲೇ ಲೆಕ್ಕ. ಮನೆಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಅಂತ ಮೊದಲು ಕೇಳಿ.

ತಿಂಗಳು ಸಮಯವಿದ್ದರೆ ಕೌದಿಯೇ. ಬರುವ ಭಾನುವಾರವೇ ತೊಟ್ಟಿಲು ಅಂದರೆ ಹೋಳಿಗೆ ಮಾಡಿ. ಅರ್ಧಂಬರ್ಧ ಕೌದಿ ಹಿಡಿದುಕೊಂಡು ಹೋಗಬೇಡಿ. ನಾನು ಎರಡನ್ನೂ ಒಯ್ದೆ. ಡಬ್ಬಿ ಸಂಜೆಗೇ ಖಾಲಿ, ಅದೂ ಬಹುಪಾಲು ಅಳಿಯನ ಕೈಚಳಕ.