18 ವರ್ಷದ ಕಾರು, ಒಂದು ‘ಟಕ್’

ನನ್ನದು 2007ರ ಪೆಟ್ರೋಲ್ ಕಾರು. 5 ಗೇರ್, ಮುಂದಿನ ಚಕ್ರ ಎಳೆಯುವ ಸಣ್ಣ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡು 9 ವರ್ಷ ಆಯಿತು, ಮೀಟರ್ 1,38,000 ಕಿ.ಮೀ. ದಾಟಿದೆ. ಇಂಜಿನ್, ಎಸಿ, ಮೈಲೇಜ್ ಬಗ್ಗೆ ದೂರಿಲ್ಲ. ಸ್ಟಾರ್ ಕೊಡೋದಾದರೆ 5ಕ್ಕೆ 4. ಹಿಡಿದಿಟ್ಟ ಆ ಒಂದು ಸ್ಟಾರ್ ‘ಟಕ್’ ಶಬ್ದಕ್ಕೆ.

ಶಿವಮೊಗ್ಗದ ಟ್ರಾಫಿಕ್‌ನಲ್ಲಿ ಸೆಕೆಂಡ್ ಗೇರಲ್ಲಿ ಹೋಗುವಾಗ ಆಕ್ಸಿಲರೇಟರ್ ಬಿಟ್ಟರೆ ಟಕ್, ಒತ್ತಿದರೆ ಮತ್ತೆ ಟಕ್. ಜೊತೆಗೆ ಗಾಡಿ ಹಿಂದೆ ಮುಂದೆ ಜಗ್ಗುತ್ತಿತ್ತು. ‘ನಿಂಗಿನ್ನೂ ಕ್ಲಚ್ ಬಿಡೋಕೆ ಬರಲ್ವೇನೋ?’ ಅಂತ ಅಮ್ಮ ಕೇಳಿಯೂ ಆಯಿತು. ಮೊದಲು ತೋರಿಸಿದ ಗ್ಯಾರೇಜಿನವರು ಒಂದು ರೌಂಡ್ ಓಡಿಸಿ, ‘ಗೇರ್‌ಬಾಕ್ಸ್ ಬಿಚ್ಚಬೇಕು ಸಾರ್’ ಅಂದರು. ಸುಮ್ನೆ ಗಾಡಿ ವಾಪಸ್ ತಂದೆ.

ಆಮೇಲೆ ಸಿಕ್ಕಿದ್ದು ನಮ್ಮ ಏರಿಯಾದ ಹಳೇ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಬಾನೆಟ್ ಎತ್ತಿ ಪಕ್ಕಕ್ಕೆ ನಿಂತರು. ‘ಹ್ಯಾಂಡ್ ಬ್ರೇಕ್ ಎಳೀರಿ, ಬ್ರೇಕೂ ತುಳೀರಿ, ಫಸ್ಟ್‌ಗೆ ಹಾಕಿ ಕ್ಲಚ್ ಚೂರೇ ಚೂರು ಬಿಡಿ’ ಅಂದರು. ಇಂಜಿನ್ ಹಿಂದಕ್ಕೆ ವಾಲಿತು. ರಿವರ್ಸ್ ಹಾಕಿದಾಗ ಮುಂದಕ್ಕೆ ಎಗರಿತು. ಸ್ವಲ್ಪ ಅಲ್ಲಾಡೋದು ಸಹಜ, ಆದರೆ ಇದು ಎರಡು ಬೆರಳಿಗಿಂತ ಜಾಸ್ತಿ. ಟಾರ್ಚ್ ಹಿಡಿದು ನೋಡಿದರೆ ಇಂಜಿನ್ನನ್ನು ಹಿಡಿದಿಡುವ ಹಿಂದಿನ ಮೌಂಟಿಂಗ್ ರಬ್ಬರ್ ಬಾಯಿ ಬಿಟ್ಟುಕೊಂಡಿತ್ತು. ಅದನ್ನು ಬದಲಿಸಿದ್ದಕ್ಕೆ ಮುಕ್ಕಾಲು ಜಗ್ಗಾಟ ಹೋಯಿತು.

ಉಳಿದ ಕಾಲು ಭಾಗಕ್ಕೆ ಮುಂದಿನ ವಾರ ಜಾಕ್ ಹಾಕಿ ಸ್ಟ್ಯಾಂಡ್ ಕೊಟ್ಟರು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಎರಡೂ ತುದಿಗೆ ಒಂದೊಂದು ಜಾಯಿಂಟ್ ಇರತ್ತೆ. ‘ತಿರುವಲ್ಲಿ ಕಟಕಟ ಅನ್ನತ್ತಾ?’ ಅಂತ ಕೇಳಿದರು. ಇಲ್ಲ, ಹಿಂದಿನ ತಿಂಗಳು ತಾನೇ ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಇಳಿದಿದ್ದೆ, ಕಿಟಕಿ ತೆರೆದೇ ಇತ್ತು, ಏನೂ ಕೇಳಿರಲಿಲ್ಲ. ‘ಹಾಗಾದ್ರೆ ಚಕ್ರದ ಕಡೆ ಜಾಯಿಂಟ್ ಸರಿ ಇದೆ’ ಅಂತ ಗೇರ್‌ಬಾಕ್ಸ್ ಕಡೆಯ ಜಾಯಿಂಟನ್ನು ಒಂದು ಕೈಲಿ, ಶಾಫ್ಟನ್ನು ಇನ್ನೊಂದು ಕೈಲಿ ಹಿಡಿದು ತಿರುಚಿದರು. ಟಕ್! ನನ್ನ ಕೈಲೂ ಹಿಡಿಸಿದರು. ಅದೇ ಶಬ್ದ. ಜಾಯಿಂಟ್ ಮುಚ್ಚುವ ರಬ್ಬರ್ ಕವರ್, ಅಂದರೆ ಬೂಟ್, ಹರಿದು ಗ್ರೀಸ್ ಎಲ್ಲಾ ಸುತ್ತ ಎರಚಿಕೊಂಡು, ಒಳಗೆ ಮಣ್ಣು ಸೇರಿತ್ತು. 200 ರೂಪಾಯಿಯ ರಬ್ಬರ್ ಬೂಟ್ ಹರಿದಾಗಲೇ ನೋಡಿದ್ದರೆ ಜಾಯಿಂಟ್ ಉಳಿಯುತ್ತಿತ್ತು.

ಮೌಂಟಿಂಗ್, ಜಾಯಿಂಟ್, ಕೂಲಿ ಎಲ್ಲಾ ಸೇರಿ ಸುಮಾರು 6,000 ಆಯಿತು. ಗೇರ್‌ಬಾಕ್ಸ್ ಬಿಚ್ಚಲಿಲ್ಲ. ಈಗಲೂ ಬೆಳಿಗ್ಗೆ ರಿವರ್ಸ್‌ಗೆ ಹಾಕಿದಾಗ ಸಣ್ಣದಾಗಿ ಒಂದು ಟಕ್ ಇದೆ. ಕೇಳಿದ್ದಕ್ಕೆ ನಕ್ಕರು. ‘ಗೇರಿನ ಹಲ್ಲಿಗೂ ಹಲ್ಲಿಗೂ ಮಧ್ಯೆ ಸಂದೇ ಇಲ್ಲ ಅಂದ್ರೆ ಆಯಿಲ್ ಎಲ್ಲಿ ನಿಲ್ಲಬೇಕು ಸಾರ್?’

ಬಲಗಡೆ ಬೂಟಿನ ಮಡಿಕೆಯಲ್ಲೂ ಸಣ್ಣ ಗೆರೆಗಳು ಬಿದ್ದಿವೆ. ಮಳೆ ಹಿಡಿಯುವ ಮುಂಚೆ ಹೊಸದು ಹಾಕಿಸಬೇಕು.